ಪ್ಯಾಕೆಟ್ ಕ್ಯಾಪ್ಚರ್‌ನಲ್ಲಿ ಸಮಯ ಸರಿಯಾಗಿ ಬೀಳಬೇಕಾದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಸುರತ್ಕಲ್, ಮಣಿಪಾಲ, ನಿಟ್ಟೆ ಕಡೆಯ ವಿದ್ಯಾರ್ಥಿಗಳು, ಕುಂದಾಪುರ ಕಾರ್ಕಳದಲ್ಲಿ ಕೇಬಲ್ ಇಂಟರ್ನೆಟ್ ನಡೆಸುವವರು, ಮಂಗಳೂರಿನ ಕಂಪನಿಗಳಲ್ಲಿ ಟೆಸ್ಟಿಂಗ್ ಮಾಡುವವರು ಮಾತಿನಲ್ಲಿ, ವಾಟ್ಸಾಪ್‌ನಲ್ಲಿ, ಮೇಲ್‌ನಲ್ಲಿ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಸೇರಿಸಿದ್ದೇನೆ. ಪ್ಯಾಕೆಟ್ ಕ್ಯಾಪ್ಚರ್ ಅಂದರೆ ನೆಟ್‌ವರ್ಕಿನಲ್ಲಿ ಓಡಾಡುವ ಡೇಟಾದ ತುಂಡುಗಳನ್ನು, ಅಂದರೆ ಪ್ಯಾಕೆಟ್‌ಗಳನ್ನು, ಸಮಯದ ಜೊತೆ ಹಿಡಿದು ಫೈಲಿಗೆ ಬರೆದಿಡುವುದು. ಪ್ರಶ್ನೆಗಳನ್ನು ಅವರು ಕೇಳಿದ ಮಾತಲ್ಲೇ ಬಿಟ್ಟಿದ್ದೇನೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಬಹುದು. ಆದರೆ ಈ ವಿಷಯಕ್ಕೆ ಹೊಸಬರಾದರೆ ಮೊದಲ ಮೂರನ್ನು ಬಿಡಬೇಡಿ. ಸಮಯದ ಪಕ್ಕ ಎಷ್ಟು ಅಂಕಿ ಇದೆ ಎಂದು ನೋಡುವ ಮೊದಲು ಆ ಸಮಯ ಎಲ್ಲಿ ದಾಖಲಾಯ್ತು ಎಂದು ಕೇಳಬೇಕು. ಉಳಿದದ್ದೆಲ್ಲ ಅಲ್ಲಿಂದ ಹುಟ್ಟುತ್ತದೆ.

## ಶುರುವಿನ ಪ್ರಶ್ನೆಗಳು

ಕ್ಯಾಪ್ಚರ್‌ನಲ್ಲಿ ಕಾಣುವ ಟೈಮ್ ಅಂದ್ರೆ ಪ್ಯಾಕೆಟ್ ಕೇಬಲ್‌ನಲ್ಲಿ ಬಂದ ಟೈಮ್ ತಾನೇ?

ಅಲ್ಲ. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಅದು ಕರ್ನಲ್ (ಆಪರೇಟಿಂಗ್ ಸಿಸ್ಟಂನ ಒಳತಿರುಳು) ಪ್ಯಾಕೆಟ್ಟನ್ನು ಕೈಗೆತ್ತಿಕೊಂಡ ಸಮಯ. ಅಷ್ಟರೊಳಗೆ ಸಾಕಷ್ಟು ಕೆಲಸ ನಡೆದಿರುತ್ತದೆ. ಪ್ಯಾಕೆಟ್ ಪೂರ್ತಿಯಾಗಿ ನೆಟ್‌ವರ್ಕ್ ಕಾರ್ಡಿಗೆ ಬರಬೇಕು. ಕಾರ್ಡು ಅದನ್ನು ಮೆಮೊರಿಗೆ ಹಾಕಬೇಕು. ಆಮೇಲೆ ಇಂಟರಪ್ಟ್ ಕೊಡಬೇಕು, ಅಂದರೆ ಸಿಪಿಯುವನ್ನು ಕರೆಯಬೇಕು, ಸಿಪಿಯು ಎದ್ದು ಬರಬೇಕು, ಡ್ರೈವರ್ ಸಾಲಿನಲ್ಲಿರುವ ಪ್ಯಾಕೆಟ್‌ಗಳನ್ನು ಒಂದೊಂದಾಗಿ ಎತ್ತಬೇಕು. ಇಷ್ಟಾದ ಮೇಲೆ ಕರ್ನಲ್ ತನ್ನ ಗಡಿಯಾರ ನೋಡಿ ಸಮಯ ಬರೆಯುತ್ತದೆ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಟೈಮ್ ಕೀಪರ್ ಬರೆದುಕೊಳ್ಳುವುದು ಕಂಡಕ್ಟರ್ ತಮ್ಮ ಹತ್ತಿರ ಬಂದು ನಿಂತ ಸಮಯವನ್ನು. ಬಸ್ಸು ಕ್ಲಾಕ್ ಟವರ್ ದಾಟಿದ ಸಮಯ ಅವರ ಪುಸ್ತಕದಲ್ಲಿ ಇರುವುದಿಲ್ಲ. ಅವರ ವಾಚು ಎಷ್ಟೇ ಒಳ್ಳೆಯದಿರಲಿ, ಆ ಅಂತರ ಹೋಗುವುದಿಲ್ಲ.

ಇದರಲ್ಲಿ ಹೆಚ್ಚಿನವರು ಗಮನಿಸದ ಒಂದು ವಿಷಯ ಇದೆ. ಈ ತಡ ಎಲ್ಲ ಪ್ಯಾಕೆಟ್‌ಗಳಿಗೂ ಒಂದೇ ಅಲ್ಲ. 1 ಗಿಗಾಬಿಟ್ ಲಿಂಕ್‌ನಲ್ಲಿ 64 ಬೈಟಿನ ಫ್ರೇಮ್ (ತಂತಿಯ ಮೇಲೆ ಹೋಗುವ ರೂಪದ ಪ್ಯಾಕೆಟ್) ಪೂರ್ತಿ ಬರಲು ಸುಮಾರು ಅರ್ಧ ಮೈಕ್ರೋಸೆಕೆಂಡ್ ಸಾಕು. 1518 ಬೈಟಿನದ್ದಕ್ಕೆ 12 ಮೈಕ್ರೋಸೆಕೆಂಡ್ ಬೇಕು. ಸಾಫ್ಟ್‌ವೇರ್ ಸಮಯ, ಅಂದರೆ ಕರ್ನಲ್ ಬರೆಯುವ ಸಮಯ, ಬೀಳುವುದು ಪ್ಯಾಕೆಟ್ ಪೂರ್ತಿ ಬಂದ ಮೇಲೆ. ಹಾಗಾಗಿ ದೊಡ್ಡ ಪ್ಯಾಕೆಟ್‌ಗಳು ಯಾವಾಗಲೂ ಅಷ್ಟು ಹಿಂದೆ ಬಿದ್ದ ಹಾಗೆ ಕಾಣುತ್ತವೆ.

ಮೈಕ್ರೋಸೆಕೆಂಡ್ ಸಾಲೋದಿಲ್ವಾ? ನ್ಯಾನೋ ಯಾರಿಗೆ ಬೇಕು?

ತುಂಬ ಜನರಿಗೆ ಬೇಡ. ವೆಬ್‌ಸೈಟ್ ಯಾಕೆ ನಿಧಾನ, ಡಿಎನ್‌ಎಸ್ ಉತ್ತರ ಯಾಕೆ ತಡ ಎಂದು ಹುಡುಕುವವರಿಗೆ ಮಿಲಿಸೆಕೆಂಡೇ ಸಾಕು. ಮಂಗಳೂರಿನಿಂದ ಉಡುಪಿಗೆ ಸುಮಾರು 55 ಕಿಲೋಮೀಟರ್. ಫೈಬರ್‌ನಲ್ಲಿ ಬೆಳಕು ಒಂದು ಕಿಲೋಮೀಟರ್ ಹೋಗಲು 5 ಮೈಕ್ರೋಸೆಕೆಂಡ್ ಹತ್ತಿರ ತೆಗೆದುಕೊಳ್ಳುತ್ತದೆ. ಅಂದರೆ ನೇರ ಫೈಬರ್ ಇದ್ದರೂ ಒಂದು ಕಡೆಗೆ 275 ಮೈಕ್ರೋಸೆಕೆಂಡ್. ಇಂಥ ಅಳತೆಗೆ ನ್ಯಾನೋಸೆಕೆಂಡ್ ಹಿಡಿದು ಕೂರಬೇಕಾಗಿಲ್ಲ.

ಲಿಂಕ್ ವೇಗ ಏರಿದಾಗ ಕಥೆ ಬೇರೆ. 10 ಗಿಗಾಬಿಟ್‌ನಲ್ಲಿ ಚಿಕ್ಕ ಫ್ರೇಮ್ ಒಂದಕ್ಕೆ, ಮುಂದಿನ ಫ್ರೇಮ್‌ಗೆ ಬಿಡುವ ಜಾಗವೂ ಸೇರಿ, 67.2 ನ್ಯಾನೋಸೆಕೆಂಡ್. ಒಂದು ಮೈಕ್ರೋಸೆಕೆಂಡ್ ಒಳಗೆ ಸುಮಾರು 15 ಪ್ಯಾಕೆಟ್ ಬರಬಹುದು. ಮೈಕ್ರೋಸೆಕೆಂಡ್ ಲೆಕ್ಕದ ಫೈಲಿನಲ್ಲಿ ಅವೆಲ್ಲಕ್ಕೂ ಒಂದೇ ಸಮಯ ಬೀಳುತ್ತದೆ. ಎರಡು ಕಡೆ ಹಿಡಿದ ಫೈಲುಗಳನ್ನು ಸೇರಿಸುವಾಗ ಯಾವುದು ಮೊದಲು, ಯಾವುದು ನಂತರ ಎಂದು ಹೇಳಲು ಆಗುವುದಿಲ್ಲ. ಸ್ವಿಚ್ಚಿನ ಒಳಗಿನ ತಡ ಅಳೆಯುವವರಿಗೆ, ಷೇರು ವ್ಯವಹಾರದ ಸಾಫ್ಟ್‌ವೇರ್ ಮಾಡುವವರಿಗೆ, ಕಾರ್ಖಾನೆಯ ಯಂತ್ರಗಳ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ನ್ಯಾನೋ ನಿಜವಾಗಿಯೂ ಬೇಕು.

ಒಂಬತ್ತು ಅಂಕಿ ಬಂತು ಅಂದ್ರೆ ನ್ಯಾನೋಸೆಕೆಂಡ್ ನಿಖರತೆ ಬಂತು ಅಲ್ವಾ?

ಬಂದಿಲ್ಲ. ಇಲ್ಲಿ ಮೂರು ಬೇರೆ ಬೇರೆ ವಿಷಯ ಇವೆ. ಎಷ್ಟು ಅಂಕಿ ಬರೆಯಲು ಜಾಗ ಇದೆ ಎಂಬುದು ಒಂದು. ಒಂದೇ ಘಟನೆಯನ್ನು ಮತ್ತೆ ಮತ್ತೆ ಅಳೆದರೆ ಉತ್ತರ ಎಷ್ಟು ಚದುರುತ್ತದೆ ಎಂಬುದು ಇನ್ನೊಂದು. ನಿಜವಾದ ಸಮಯಕ್ಕೆ ಅದು ಎಷ್ಟು ಹತ್ತಿರ ಇದೆ ಎಂಬುದು ಮೂರನೆಯದು. ಆಯ್ಕೆ ಬದಲಾಯಿಸಿ ಒಂಬತ್ತು ಅಂಕಿ ತರಿಸಿದರೆ ಮೊದಲನೆಯದು ಮಾತ್ರ ಸರಿಯಾಗುತ್ತದೆ. ಚದುರುವಿಕೆ 20 ಮೈಕ್ರೋಸೆಕೆಂಡ್ ಇರುವ ಕಡೆ ಕೊನೆಯ ನಾಲ್ಕು ಅಂಕಿಗೆ ಅರ್ಥವೇ ಇಲ್ಲ. ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಸರಾಸರಿ ಇಷ್ಟು ನ್ಯಾನೋಸೆಕೆಂಡ್ ಎಂದು ಬರೆಯುವ ಮೊದಲು ಚದುರುವಿಕೆ ಎಷ್ಟು ಎಂದು ನೋಡಿ, ಅದನ್ನೂ ಬರೆಯಿರಿ.

ವೈರ್‌ಶಾರ್ಕ್‌ನಲ್ಲಿ ಕೊನೆಯ ಮೂರು ಅಂಕಿ ಯಾವಾಗಲೂ ಸೊನ್ನೆ. ಯಾಕೆ?

ವೈರ್‌ಶಾರ್ಕ್ ಕ್ಯಾಪ್ಚರ್ ಫೈಲನ್ನು ತೆರೆದು ತೋರಿಸುವ ಟೂಲ್. ಫೈಲಿನಲ್ಲಿ ಇರುವುದೇ ಮೈಕ್ರೋಸೆಕೆಂಡ್. ನೀವು ವ್ಯೂ ಮೆನುವಿನಲ್ಲಿ ಸಮಯವನ್ನು ನ್ಯಾನೋಸೆಕೆಂಡ್‌ನಲ್ಲಿ ತೋರಿಸು ಎಂದು ಹೇಳಿದ್ದೀರಿ. ಅದು ಇಲ್ಲದ ಜಾಗಕ್ಕೆ ಸೊನ್ನೆ ತುಂಬಿದೆ. ವೈರ್‌ಶಾರ್ಕ್ ಜೊತೆಗೇ ಬರುವ ಕ್ಯಾಪ್‌ಇನ್‌ಫೋಸ್ ಎಂಬ ಚಿಕ್ಕ ಟೂಲ್‌ಗೆ ಫೈಲ್ ಕೊಟ್ಟು ನೋಡಿ. ಟೈಮ್‌ಸ್ಟ್ಯಾಂಪ್ ಪ್ರಿಸಿಶನ್ ಎಂಬ ಸಾಲಿನಲ್ಲಿ 6 ಅಥವಾ 9 ಎಂದು ಹೇಳುತ್ತದೆ.

## ಫೈಲು, ಟೂಲು, ಸ್ಕ್ರಿಪ್ಟು

ಟಿಸಿಪಿಡಂಪ್‌ನಲ್ಲಿ ನ್ಯಾನೋ ಬರೋ ಹಾಗೆ ಮಾಡೋದು ಹೇಗೆ?

ಟಿಸಿಪಿಡಂಪ್ ಕಮಾಂಡ್ ಲೈನಿನಲ್ಲಿ ಕ್ಯಾಪ್ಚರ್ ಮಾಡುವ ಟೂಲ್. ಅದರ ಟೈಮ್-ಸ್ಟ್ಯಾಂಪ್-ಪ್ರಿಸಿಶನ್ ಎಂಬ ಆಯ್ಕೆಗೆ ನ್ಯಾನೋ ಎಂದು ಕೊಡಿ. ಸುಮ್ನೆ ನ್ಯಾನೋ ಎಂಬ ಆಯ್ಕೆಯೂ ನಡೆಯುತ್ತದೆ. ಇದರ ಹಿಂದಿರುವ ಲಿಬ್‌ಪಿಕ್ಯಾಪ್ ಲೈಬ್ರರಿಗೆ ಈ ಶಕ್ತಿ ಬಂದದ್ದು 2013ರಲ್ಲಿ, 1.5 ಆವೃತ್ತಿಯಿಂದ. ಈಗಿನ ಯಾವ ಲಿನಕ್ಸ್‌ನಲ್ಲೂ ಇದು ಇರುತ್ತದೆ. ಆದರೂ ಟಿಸಿಪಿಡಂಪ್ ಕೇಳದೇ ಇದ್ದರೆ ಇವತ್ತಿಗೂ ಮೈಕ್ರೋಸೆಕೆಂಡೇ ಬರೆಯುತ್ತದೆ.

ಒಂದು ಎಚ್ಚರಿಕೆ. ನ್ಯಾನೋ ಫೈಲನ್ನು ಓದಿ, ಬೇಕಾದ ಪ್ಯಾಕೆಟ್ ಮಾತ್ರ ಸೋಸಿ, ಇನ್ನೊಂದು ಫೈಲಿಗೆ ಬರೆಯುವಾಗಲೂ ಅದೇ ಆಯ್ಕೆ ಕೊಡಬೇಕು. ಮರೆತರೆ ಹೊಸ ಫೈಲು ಮೈಕ್ರೋಸೆಕೆಂಡಿಗೆ ಇಳಿದಿರುತ್ತದೆ. ಯಾವ ಎರರ್ ಕೂಡ ಬರುವುದಿಲ್ಲ. ಮೂಲ ಫೈಲನ್ನು ಅಳಿಸಿಬಿಟ್ಟಿದ್ದರೆ ಆ ಮೂರು ಅಂಕಿ ಮತ್ತೆ ಸಿಗುವುದಿಲ್ಲ.

ಪಿಕ್ಯಾಪ್ ಒಳ್ಳೆಯದಾ, ಪಿಕ್ಯಾಪ್-ಎನ್‌ಜಿ ಒಳ್ಳೆಯದಾ?

ಎರಡೂ ಕ್ಯಾಪ್ಚರ್ ಫೈಲಿನ ವಿಧಗಳು. ಹೊಸ ಕೆಲಸಕ್ಕೆ ಪಿಕ್ಯಾಪ್-ಎನ್‌ಜಿ. ಹಳೆಯ ಪಿಕ್ಯಾಪ್‌ನಲ್ಲಿ ಪ್ರತಿ ಪ್ಯಾಕೆಟ್ ಮುಂದೆ 16 ಬೈಟಿನ ಹೆಡರ್ ಇರುತ್ತದೆ. ಅದರಲ್ಲಿ 4 ಬೈಟು ಸೆಕೆಂಡಿಗೆ, 4 ಬೈಟು ಸೆಕೆಂಡಿನ ಭಾಗಕ್ಕೆ. ಆ ಭಾಗ ಮೈಕ್ರೋನಾ ನ್ಯಾನೋನಾ ಎಂದು ಹೇಳುವುದು ಫೈಲಿನ ಮೊದಲ 4 ಬೈಟು ಮಾತ್ರ. ಎ1 ಬಿ2 ಸಿ3 ಡಿ4 ಎಂದಿದ್ದರೆ ಮೈಕ್ರೋ. ಎ1 ಬಿ2 3ಸಿ 4ಡಿ ಎಂದಿದ್ದರೆ ನ್ಯಾನೋ. ಬೈಟುಗಳು ತಿರುವುಮುರುವಾಗಿ ಕಂಡರೆ ಗಾಬರಿ ಬೇಡ, ಬರೆದ ಯಂತ್ರದ ಬೈಟ್ ಕ್ರಮ ಹಾಗಿರುತ್ತದೆ.

ಪಿಕ್ಯಾಪ್-ಎನ್‌ಜಿಯಲ್ಲಿ ಪ್ರತಿ ಇಂಟರ್‌ಫೇಸ್‌ಗೂ ಅದರದ್ದೇ ಸಮಯದ ಅಳತೆ ಬರೆದಿಡಬಹುದು. ಒಂದೇ ಫೈಲಿನಲ್ಲಿ ಒಂದು ಪೋರ್ಟು ಮೈಕ್ರೋ, ಇನ್ನೊಂದು ನ್ಯಾನೋ ಇರಬಹುದು. ಅಳತೆ ಬರೆಯದೇ ಇದ್ದರೆ ಮೈಕ್ರೋ ಎಂದೇ ಅರ್ಥ. ಟಿಪ್ಪಣಿ ಬರೆದಿಡಲೂ ಇದರಲ್ಲಿ ಜಾಗ ಇದೆ. ಅದರ ಉಪಯೋಗ ಕೊನೆಯ ಪ್ರಶ್ನೆಯಲ್ಲಿ ಹೇಳುತ್ತೇನೆ.

ಸೀನಿಯರ್ ಕೊಟ್ಟ ಹಳೇ ಸ್ಕ್ರಿಪ್ಟ್‌ನಲ್ಲಿ ಪ್ಯಾಕೆಟ್ ಟೈಮು ಹದಿನಾರು ನಿಮಿಷ ಮುಂದೆ ಹಿಂದೆ ಹಾರುತ್ತೆ. ಫೈಲ್ ಹಾಳಾಗಿದೆಯಾ?

ಫೈಲ್ ಚೆನ್ನಾಗಿದೆ. ಸ್ಕ್ರಿಪ್ಟು ಮೊದಲ 4 ಬೈಟು ನೋಡದೆ, ಸೆಕೆಂಡಿನ ಭಾಗವನ್ನು ಮೈಕ್ರೋ ಎಂದೇ ಓದುತ್ತಿದೆ. ನ್ಯಾನೋದಲ್ಲಿ ಆ ಸಂಖ್ಯೆ 99 ಕೋಟಿ 99 ಲಕ್ಷದವರೆಗೂ ಹೋಗುತ್ತದೆ. ಅಷ್ಟು ಮೈಕ್ರೋಸೆಕೆಂಡ್ ಅಂದರೆ ಸುಮಾರು 1000 ಸೆಕೆಂಡ್, ಅಂದರೆ 16 ನಿಮಿಷ 40 ಸೆಕೆಂಡ್. ಹಾರುವಿಕೆ ಈ ಗಾತ್ರದಲ್ಲಿ ಕಂಡರೆ ಬೇರೆ ಕಾರಣ ಹುಡುಕಬೇಡಿ.

ಪೈಥಾನ್‌ನಲ್ಲಿ ಲೆಕ್ಕ ಹಾಕಿದ್ರೆ ಕೊನೆಯ ಅಂಕಿಗಳು ಬದಲಾಗುತ್ತವೆ. ಲೈಬ್ರರಿಯಲ್ಲಿ ಬಗ್ ಇದೆಯಾ?

ಲೈಬ್ರರಿಯ ತಪ್ಪಲ್ಲ, ಫ್ಲೋಟ್‌ನ, ಅಂದರೆ ದಶಾಂಶ ಸಂಖ್ಯೆ ಇಡುವ ವಿಧದ, ಮಿತಿ. ಕಂಪ್ಯೂಟರ್ ಸಮಯ ಎಣಿಸುವುದು 1970ರಿಂದ. ಈವರೆಗಿನ ಸೆಕೆಂಡುಗಳೇ 10 ಅಂಕಿ. ಅದಕ್ಕೆ ನ್ಯಾನೋದ 9 ಸೇರಿಸಿದರೆ 19. ಫ್ಲೋಟ್‌ನಲ್ಲಿ ನಂಬಬಹುದಾದದ್ದು 15–16 ಅಂಕಿ ಅಷ್ಟೇ. ಈಗಿನ ತಾರೀಕುಗಳಿಗೆ ಅದರ ಎರಡು ಅಕ್ಕಪಕ್ಕದ ಸಂಖ್ಯೆಗಳ ನಡುವೆ 238 ನ್ಯಾನೋಸೆಕೆಂಡ್ ಅಂತರ ಇರುತ್ತದೆ.

ನೀವೇ ನೋಡಿ. 1700000000.123456789 ಎಂಬ ಸಮಯವನ್ನು ಫ್ಲೋಟ್‌ಗೆ ಹಾಕಿದರೆ ಒಳಗೆ ಉಳಿಯುವುದು 1700000000.1234567165. ಒಂದೇ ಒಂದು ಲೆಕ್ಕ ಮಾಡುವ ಮೊದಲೇ 72 ನ್ಯಾನೋಸೆಕೆಂಡ್ ಹೋಯಿತು. 10 ಗಿಗಾಬಿಟ್‌ನಲ್ಲಿ ಅದು ಒಂದು ಪ್ಯಾಕೆಟ್‌ಗಿಂತ ಜಾಸ್ತಿ.

ದಾರಿ ಸುಲಭ. ಎಲ್ಲವನ್ನೂ ನ್ಯಾನೋಸೆಕೆಂಡಿನ ಪೂರ್ಣಾಂಕವಾಗಿ ಇಡಿ. ಪೈಥಾನ್‌ನಲ್ಲಿ ಪೂರ್ಣಾಂಕಕ್ಕೆ ಮಿತಿ ಇಲ್ಲ, ಸಿ ಭಾಷೆಯಲ್ಲಿ 64 ಬಿಟ್ ಸಾಕು. ಕಳೆದು ಮುಗಿದ ಮೇಲೆ, ವ್ಯತ್ಯಾಸ ಚಿಕ್ಕದಾದ ಮೇಲೆ, ಫ್ಲೋಟ್‌ಗೆ ಬದಲಾಯಿಸಿದರೆ ತೊಂದರೆ ಇಲ್ಲ. ಎಕ್ಸೆಲ್‌ಗೂ ಇದೇ ಮಾತು. ಪೂರ್ತಿ ಸಮಯವನ್ನು ಅದರ ಒಂದು ಕಾಲಮ್ಮಿಗೆ ಅಂಟಿಸಿದರೆ 15 ಅಂಕಿಯ ನಂತರದ್ದು ಉಳಿಯುವುದಿಲ್ಲ.

ಸಿ ಪ್ರೋಗ್ರಾಮ್ ಬರೀತಿದ್ದೇನೆ. ನ್ಯಾನೋ ಕೇಳಿದ್ರೂ ಕೊಡ್ತಾ ಇಲ್ಲ.

ಬಹುಶಃ ನೀವು ಲಿಬ್‌ಪಿಕ್ಯಾಪ್‌ನ ಪಿಕ್ಯಾಪ್-ಓಪನ್-ಲೈವ್ ಎಂಬ ಫಂಕ್ಷನ್ ಬಳಸುತ್ತಿದ್ದೀರಿ. ಅದು ಒಂದೇ ಏಟಿಗೆ ತೆರೆದು ಶುರು ಮಾಡಿಬಿಡುತ್ತದೆ, ಮಧ್ಯೆ ಏನನ್ನೂ ಹೇಳಲು ಅವಕಾಶ ಇಲ್ಲ. ಅದರ ಬದಲು ಮೊದಲು ಕ್ರಿಯೇಟ್, ಆಮೇಲೆ ಪ್ರಿಸಿಶನ್ ಮತ್ತು ಟೈಮ್‌ಸ್ಟ್ಯಾಂಪ್ ವಿಧ, ಕೊನೆಗೆ ಆಕ್ಟಿವೇಟ್. ಈ ಕ್ರಮದಲ್ಲೇ ಆಗಬೇಕು. ಪ್ರತಿ ಹೆಜ್ಜೆಯ ಉತ್ತರದ ಕೋಡ್ ಪರೀಕ್ಷಿಸಿ. ನ್ಯಾನೋ ಆಗದ ಇಂಟರ್‌ಫೇಸ್ ಆದರೆ ಅಲ್ಲೇ ತಿಳಿಯುತ್ತದೆ.

ನ್ಯಾನೋ ಸಿಕ್ಕ ಮೇಲೆ ಇನ್ನೊಂದು ಕಡೆ ಎಡವುತ್ತಾರೆ. ಹೆಡರ್‌ನಲ್ಲಿ ಆ ಜಾಗದ ಹೆಸರು ಆಗಲೂ ಯುಸೆಕ್ ಎಂದೇ ಇರುತ್ತದೆ, ಒಳಗಿರುವುದು ಮಾತ್ರ ನ್ಯಾನೋಸೆಕೆಂಡ್. ಅದನ್ನು ಮತ್ತೆ 1000ದಿಂದ ಗುಣಿಸಬೇಡಿ.

## ಕರ್ನಲ್ ಒಳಗೆ

ಒಂದೇ ಅಂತರದಲ್ಲಿ ಕಳಿಸಿದ ಪ್ಯಾಕೆಟ್‌ಗಳು ಗುಂಪು ಗುಂಪಾಗಿ ಬಂದ ಹಾಗೆ ಕಾಣುತ್ತವೆ. ಸ್ವಿಚ್ ಹಾಳಾಗಿದೆಯಾ?

ಸ್ವಿಚ್ಚನ್ನು ಅನುಮಾನಿಸುವ ಮೊದಲು ನಿಮ್ಮ ಕಾರ್ಡನ್ನೇ ನೋಡಿ. ನನಗೆ ಬರುವ ಪ್ರಶ್ನೆಗಳಲ್ಲಿ ಅತಿ ಜಾಸ್ತಿ ದಾರಿ ತಪ್ಪಿಸುವುದು ಇದೇ. ಇದನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ಕೆಲಸ ಆದ ಹಾಗೆ.

ಪ್ರತಿ ಪ್ಯಾಕೆಟ್‌ಗೂ ಒಂದು ಇಂಟರಪ್ಟ್ ಕೊಟ್ಟರೆ ಸಿಪಿಯುಗೆ ಬೇರೆ ಕೆಲಸ ಮಾಡಲು ಆಗುವುದಿಲ್ಲ. ಅದಕ್ಕೆ ಕಾರ್ಡು ಸ್ವಲ್ಪ ಹೊತ್ತು ಕಾಯುತ್ತದೆ. ಬಂದದ್ದನ್ನೆಲ್ಲ ಸೇರಿಸಿ ಒಂದೇ ಇಂಟರಪ್ಟ್ ಕೊಡುತ್ತದೆ. ಡೇಟಾ ಸಾಗಿಸಲು ಇದು ಒಳ್ಳೆಯದು, ಸಮಯ ಅಳೆಯಲು ಕೆಟ್ಟದ್ದು.

ಹೇಗೆ ಕಾಣುತ್ತದೆ ಎಂದು ಹೇಳುತ್ತೇನೆ. ಆ ಕಡೆಯಿಂದ 10 ಮೈಕ್ರೋಸೆಕೆಂಡಿಗೊಂದು ಪ್ಯಾಕೆಟ್ ಬರುತ್ತಿದೆ ಎಂದಿಟ್ಟುಕೊಳ್ಳಿ. ಕಾರ್ಡು 50 ಮೈಕ್ರೋಸೆಕೆಂಡಿಗೊಮ್ಮೆ ಕರೆಯುತ್ತದೆ. ಆಗ ಕ್ಯಾಪ್ಚರ್‌ನಲ್ಲಿ ಪ್ಯಾಕೆಟ್‌ಗಳ ಮಧ್ಯದ ಅಂತರ 46, 1, 1, 1, 1, ಮತ್ತೆ 46, 1, 1, 1, 1 ಎಂಬ ರೀತಿ ಬರುತ್ತದೆ. ಸರಾಸರಿ ತೆಗೆದರೆ ಸರಿಯಾಗಿ 10. ಗ್ರಾಫ್ ಹಾಕಿದರೆ ಮಾತ್ರ ಹಲ್ಲು ಹಲ್ಲು. ಆ 1 ಮೈಕ್ರೋಸೆಕೆಂಡ್ ಏನು ಗೊತ್ತಾ? ಡ್ರೈವರ್ ಒಂದು ಪ್ಯಾಕೆಟ್ ಎತ್ತಿ ಮುಂದಿನದಕ್ಕೆ ಹೋಗಲು ಹಿಡಿದ ಸಮಯ. ನೆಟ್‌ವರ್ಕಿಗೂ ಅದಕ್ಕೂ ಸಂಬಂಧವೇ ಇಲ್ಲ.

ಕಾರ್ಡಿನ ಸೆಟ್ಟಿಂಗ್ ನೋಡುವ ಇಥ್‌ಟೂಲ್‌ಗೆ ಚಿಕ್ಕ ಸಿ ಕೊಟ್ಟರೆ ಈಗಿನ ಸೆಟ್ಟಿಂಗ್ ತೋರಿಸುತ್ತದೆ, ಕ್ಯಾಪಿಟಲ್ ಸಿ ಕೊಟ್ಟರೆ ಬದಲಾಯಿಸಬಹುದು. ಅಡಾಪ್ಟಿವ್-ಆರ್‌ಎಕ್ಸ್ ಆಫ್ ಮಾಡಿ, ಆರ್‌ಎಕ್ಸ್-ಯುಸೆಕ್ಸ್ (ಕಾರ್ಡು ಎಷ್ಟು ಮೈಕ್ರೋಸೆಕೆಂಡ್ ಕಾಯಬೇಕು ಎಂಬ ಸಂಖ್ಯೆ) ಸೊನ್ನೆ ಮಾಡಿ. ಸಿಪಿಯು ಬಳಕೆ ಏರುತ್ತದೆ, ಅದು ಇರುವುದೇ. ಇಷ್ಟು ಮಾಡಿದರೂ ಲೋಡ್ ಜಾಸ್ತಿಯಾದಾಗ ಲಿನಕ್ಸ್ ಇಂಟರಪ್ಟ್ ಬಿಟ್ಟು ತಾನೇ ಹೋಗಿ ಗುಂಪಾಗಿ ಎತ್ತಿಕೊಳ್ಳಲು ಶುರು ಮಾಡುತ್ತದೆ. 1 ಗಿಗಾಬಿಟ್‌ನಲ್ಲಿ ಚಿಕ್ಕ ಪ್ಯಾಕೆಟ್‌ಗಳು ಸೆಕೆಂಡಿಗೆ 14.88 ಲಕ್ಷದವರೆಗೂ ಬರಬಹುದು. ಅಷ್ಟು ಬರುವಾಗ ಸಾಫ್ಟ್‌ವೇರ್ ಸಮಯವನ್ನು ನಂಬಬೇಡಿ.

ಸೆಕೆಂಡಿಗೊಂದು ಪ್ಯಾಕೆಟ್ ಕಳಿಸಿದ್ರೆ ತಡ ಜಾಸ್ತಿ, ಬೇಗ ಬೇಗ ಕಳಿಸಿದ್ರೆ ಕಮ್ಮಿ. ಉಲ್ಟಾ ಆಗಬೇಕಿತ್ತಲ್ವಾ?

ಸಿಪಿಯು ನಿದ್ದೆಗೆ ಹೋಗಿದೆ. ಕೆಲಸ ಇಲ್ಲದಾಗ ಅದು ಕರೆಂಟ್ ಉಳಿಸಲು ಆಳವಾದ ಸ್ಥಿತಿಗೆ ಇಳಿಯುತ್ತದೆ. ಎದ್ದು ಬರಲು ಹತ್ತಾರು ಮೈಕ್ರೋಸೆಕೆಂಡ್, ಕೆಲವು ಯಂತ್ರಗಳಲ್ಲಿ ನೂರಕ್ಕೂ ಮೇಲೆ ಬೇಕು. ವಿರಳವಾಗಿ ಬರುವ ಪ್ಯಾಕೆಟ್‌ಗಳೆಲ್ಲ ಈ ತಡ ಹೊತ್ತುಕೊಂಡೇ ದಾಖಲಾಗುತ್ತವೆ. ಟ್ಯೂನ್ಡ್ ಎಂಬ ಸೇವೆಯಲ್ಲಿ ನೆಟ್‌ವರ್ಕ್-ಲೇಟೆನ್ಸಿ ಪ್ರೊಫೈಲ್ ಹಾಕಿ, ಅಥವಾ ಸಿಪಿಯುಪವರ್ ಟೂಲಿನಿಂದ ಆಳದ ಸ್ಥಿತಿಗಳನ್ನು ನಿಲ್ಲಿಸಿ. ಲ್ಯಾಪ್‌ಟಾಪ್ ಬಿಸಿಯಾಗುತ್ತದೆ. ಅಳತೆ ಮುಗಿದ ಮೇಲೆ ವಾಪಸ್ ಮಾಡಿ.

1500 ಬೈಟ್ ಮಿತಿ ಇದ್ದರೂ 20 ಸಾವಿರ ಬೈಟಿನ ಪ್ಯಾಕೆಟ್ ಕಾಣುತ್ತಿದೆ!

ಜಿಆರ್‌ಒ ಆನ್ ಇದೆ. ಸಾಲಾಗಿ ಬಂದ ಟಿಸಿಪಿ ಪ್ಯಾಕೆಟ್‌ಗಳನ್ನು ಕರ್ನಲ್ ಸೇರಿಸಿ ಒಂದು ಮಾಡಿದೆ, ಕ್ಯಾಪ್ಚರ್ ಆದದ್ದು ಅದರ ನಂತರ. ಹತ್ತು ಹದಿನೈದು ಪ್ಯಾಕೆಟ್‌ಗೆ ಒಂದೇ ಸಮಯ. ಇಥ್‌ಟೂಲ್‌ನ ಕ್ಯಾಪಿಟಲ್ ಕೆ ಆಯ್ಕೆಯಿಂದ ಜಿಆರ್‌ಒ, ಅದೇ ಥರದ ಎಲ್‌ಆರ್‌ಒ ಎರಡನ್ನೂ ಆಫ್ ಮಾಡಿ. ಹೊರಹೋಗುವ ಕಡೆ ಹೀಗೆ ಕಂಡರೆ ಆ ಕಡೆಯ ಸೆಟ್ಟಿಂಗ್‌ಗಳಾದ ಟಿಎಸ್‌ಒ, ಜಿಎಸ್‌ಒ ಕೂಡ.

ನನ್ನ ಯಂತ್ರದಿಂದ ಹೊರಗೆ ಹೋಗುವ ಪ್ಯಾಕೆಟ್ ಟೈಮು ಸರಿ ಇರುತ್ತಾ?

ಅದು ಹೊರಟ ಸಮಯ ಅಲ್ಲ, ಕರ್ನಲ್ ಅದನ್ನು ಡ್ರೈವರ್ ಕೈಗೆ ಕೊಡುವ ಮೊದಲಿನ ಸಮಯ. ಆಮೇಲೆ ಕಾರ್ಡಿನ ಸಾಲಿನಲ್ಲಿ ಕಾದು ತಂತಿಗೆ ಇಳಿಯುತ್ತದೆ. ಹಾಗಾಗಿ ಹೋದದ್ದು ಬೇಗ ಎಂದು, ಬಂದದ್ದು ತಡವಾಗಿ ಎಂದು ದಾಖಲಾಗುತ್ತದೆ. ಎರಡೂ ತಪ್ಪು ಒಂದೇ ಕಡೆಗೆ ಸೇರಿ, ಹೋಗಿ ಬರುವ ಸಮಯ ನಿಜಕ್ಕಿಂತ ಜಾಸ್ತಿಯೇ ಕಾಣುತ್ತದೆ.

ಡಿಸ್ಕ್ ನಿಧಾನ ಇದ್ದರೆ ಟೈಮು ತಪ್ಪುತ್ತಾ?

ಇಲ್ಲ. ಫೈಲಿಗೆ ಬರೆಯುವ ಮೊದಲೇ ಸಮಯ ಬಿದ್ದಿರುತ್ತದೆ. ಡಿಸ್ಕ್ ನಿಧಾನ ಇದ್ದರೆ ಬಫರ್ ತುಂಬಿ ಪ್ಯಾಕೆಟ್ ಕಳೆದುಹೋಗುತ್ತದೆ. ಟಿಸಿಪಿಡಂಪ್ ನಿಲ್ಲಿಸುವಾಗ ಕೊನೆಯಲ್ಲಿ ಬರುವ ಡ್ರಾಪ್ಡ್ ಸಂಖ್ಯೆ ನೋಡಿ.

ಲಿನಕ್ಸ್‌ನಲ್ಲಿ ಎಲ್ಲ ಮಾಡಿದೆ, ಆದ್ರೂ ಟೈಮ್ ಓದೋದೇ ನಿಧಾನ ಅನ್ನಿಸುತ್ತೆ.

ಗಡಿಯಾರದ ಮೂಲ ಯಾವುದು ಎಂದು ನೋಡಿ. ಸಿಸ್ ಫೋಲ್ಡರಿನ ಡಿವೈಸಸ್ ಕೆಳಗೆ ಕ್ಲಾಕ್‌ಸೋರ್ಸ್ ಎಂಬಲ್ಲಿ ಸಿಗುತ್ತದೆ. ಟಿಎಸ್‌ಸಿ (ಸಿಪಿಯು ಒಳಗಿನ ಕೌಂಟರ್) ಎಂದಿದ್ದರೆ ಒಳ್ಳೆಯದು, ಓದಲು ಹತ್ತಾರು ನ್ಯಾನೋಸೆಕೆಂಡ್ ಸಾಕು. ಎಚ್‌ಪಿಇಟಿ ಅಥವಾ ಎಸಿಪಿಐ-ಪಿಎಂ ಎಂದಿದ್ದರೆ ಪ್ರತಿ ಸಲ ಓದಲು ಮೈಕ್ರೋಸೆಕೆಂಡ್ ಲೆಕ್ಕದಲ್ಲಿ ಖರ್ಚಾಗುತ್ತದೆ. ಟಿಎಸ್‌ಸಿ ಸ್ಥಿರವಾಗಿಲ್ಲ ಎಂದು ಕರ್ನಲ್‌ಗೆ ಅನ್ನಿಸಿದರೆ ಅದೇ ಬಿಟ್ಟುಬಿಡುತ್ತದೆ. ಕಾರಣ ಡಿಮೆಸೇಜ್ ಲಾಗಿನಲ್ಲಿ ಬರೆದಿರುತ್ತದೆ.

ವಿಂಡೋಸ್ ಲ್ಯಾಪ್‌ಟಾಪ್, ವರ್ಚುಯಲ್ ಮೆಷಿನ್, ಯುಎಸ್‌ಬಿ ಲ್ಯಾನ್. ಇವುಗಳಲ್ಲಿ ಆಗಲ್ವಾ?

ವಿಂಡೋಸ್‌ನಲ್ಲಿ ಎನ್‌ಪಿಕ್ಯಾಪ್ ಹಾಕಿ, ಹಳೆಯ ವಿನ್‌ಪಿಕ್ಯಾಪ್ ಬೇಡ. ವಿನ್‌ಪಿಕ್ಯಾಪ್ ತನ್ನ ಮಾಮೂಲಿ ಸೆಟ್ಟಿಂಗ್‌ನಲ್ಲಿ ಶುರುವಿಗೊಮ್ಮೆ ಮಾತ್ರ ಸಿಸ್ಟಂ ಸಮಯ ನೋಡಿಕೊಂಡು ಆಮೇಲೆ ತನ್ನ ಕೌಂಟರ್ ಮೇಲೆ ಓಡುತ್ತಿತ್ತು. ಗಂಟೆಗಟ್ಟಲೆ ಕ್ಯಾಪ್ಚರ್ ಮಾಡಿದರೆ ಸಮಯ ನಿಧಾನಕ್ಕೆ ಜಾರುತ್ತಿತ್ತು. ವಿಂಡೋಸಿನ ಮಾಮೂಲಿ ಸಿಸ್ಟಂ ಸಮಯ ಮುಂದೆ ಹೋಗುವುದು ಸುಮಾರು 15.6 ಮಿಲಿಸೆಕೆಂಡಿಗೊಮ್ಮೆ. ಆ ವಿಧ ಆರಿಸಿದ್ದರೆ ನೂರಾರು ಪ್ಯಾಕೆಟ್‌ಗೆ ಒಂದೇ ಸಮಯ ಬೀಳುತ್ತದೆ. ವಿಂಡೋಸ್ 8ರ ನಂತರ ನಿಖರ ಸಮಯ ಕೊಡುವ ವಿಧ ಇದೆ, ಎನ್‌ಪಿಕ್ಯಾಪ್‌ನಲ್ಲಿ ಅದನ್ನೇ ಆರಿಸಿ.

ವರ್ಚುಯಲ್ ಮೆಷಿನ್‌ನಲ್ಲಿ ನಿಮ್ಮ ಸಿಪಿಯು ಯಾವಾಗ ಬೇರೆಯವರ ಪಾಲಾಗುತ್ತದೆ ಎಂದು ನಿಮಗೆ ಗೊತ್ತಾಗುವುದಿಲ್ಲ. ಯುಎಸ್‌ಬಿ 2 ಅಡಾಪ್ಟರಿನಲ್ಲಿ ಡೇಟಾ ಸಾಗಿಸುವ ಲೆಕ್ಕವೇ 125 ಮೈಕ್ರೋಸೆಕೆಂಡಿನ ತುಂಡುಗಳಲ್ಲಿ ನಡೆಯುತ್ತದೆ. ಕಲಿಯಲು ಇವು ಧಾರಾಳ ಸಾಕು. ಪ್ರಬಂಧದಲ್ಲಿ ಅಂಕಿ ಕೊಡಲು ಸಾಲದು.

## ಹಾರ್ಡ್‌ವೇರ್ ಸಮಯ

ನನ್ನ ಕಾರ್ಡ್‌ನಲ್ಲಿ ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪ್ ಇದೆಯಾ ಅಂತ ತಿಳಿಯೋದು ಹೇಗೆ?

ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪ್ ಅಂದರೆ ಕರ್ನಲ್ ಬದಲು ಕಾರ್ಡೇ ತನ್ನ ಗಡಿಯಾರ ನೋಡಿ ಹಾಕುವ ಸಮಯ. ಇಥ್‌ಟೂಲ್‌ಗೆ ಕ್ಯಾಪಿಟಲ್ ಟಿ ಮತ್ತು ಇಂಟರ್‌ಫೇಸ್ ಹೆಸರು ಕೊಡಿ. ಬರುವ ಪಟ್ಟಿಯಲ್ಲಿ ಮೂರು ಕಡೆ ನೋಡಿ. ಮೊದಲು, ಹಾರ್ಡ್‌ವೇರ್-ರಿಸೀವ್ ಎಂಬ ಸಾಲು ಇರಬೇಕು. ಎರಡನೆಯದಾಗಿ ಪಿಟಿಪಿ ಹಾರ್ಡ್‌ವೇರ್ ಕ್ಲಾಕ್ ಎದುರು 0, 1 ಥರ ಸಂಖ್ಯೆ ಇರಬೇಕು, ನನ್ (none) ಎಂದಿದ್ದರೆ ಗಡಿಯಾರವೇ ಇಲ್ಲ. ಪಿಟಿಪಿ ಅಂದರೆ ನೆಟ್‌ವರ್ಕ್ ಮೂಲಕ ಗಡಿಯಾರಗಳನ್ನು ನಿಖರವಾಗಿ ಹೊಂದಿಸುವ ಪದ್ಧತಿ. ಮೂರನೆಯದೇ ಮುಖ್ಯ. ರಿಸೀವ್ ಫಿಲ್ಟರ್ ಪಟ್ಟಿಯಲ್ಲಿ ಆಲ್ ಎಂದು ಇದೆಯಾ? ಬರೀ ಪಿಟಿಪಿ ಹೆಸರುಗಳಿದ್ದರೆ ಆ ಕಾರ್ಡು ಗಡಿಯಾರ ಹೊಂದಿಸುವ ಪ್ಯಾಕೆಟ್‌ಗಳಿಗೆ ಮಾತ್ರ ಸಮಯ ಹಾಕುತ್ತದೆ. ನಿಮ್ಮ ಉಳಿದ ಟ್ರಾಫಿಕ್‌ಗೆ ಹಾಕುವುದಿಲ್ಲ.

ಇಂಟೆಲ್‌ನ ಐ210, ಐ350 ಎಲ್ಲ ಪ್ಯಾಕೆಟ್‌ಗೂ ಹಾಕುತ್ತವೆ. 10 ಗಿಗಾಬಿಟ್‌ನಲ್ಲಿ 82599 ಮತ್ತು ಎಕ್ಸ್540 ಹಾಕುವುದಿಲ್ಲ, ಎಕ್ಸ್550 ಹಾಕುತ್ತದೆ. ಸೆಕೆಂಡ್‌ಹ್ಯಾಂಡ್ ಸರ್ವರ್ ಕಾರ್ಡ್ ಕೊಳ್ಳುವ ವಿದ್ಯಾರ್ಥಿಗಳು ಈ ವ್ಯತ್ಯಾಸ ನೋಡಿಯೇ ದುಡ್ಡು ಕೊಡಿ. ಕಲಿಯಲು ಐ210 ಸಾಕು, ನನ್ನ ಆಯ್ಕೆಯೂ ಅದೇ. ಎಂಡೇಸ್, ನಾಪಾಟೆಕ್‌ನಂಥ ಕ್ಯಾಪ್ಚರ್‌ಗೇ ಮಾಡಿದ ಕಾರ್ಡುಗಳು ಬೇರೆ ಮಟ್ಟದವು, ಕಾಲೇಜ್ ಪ್ರಾಜೆಕ್ಟಿಗೆ ಬೇಕಾಗುವುದಿಲ್ಲ.

ಅಡಾಪ್ಟರ್ ಟೈಮ್ ಆನ್ ಮಾಡಿದ ಕೂಡಲೇ ಪ್ಯಾಕೆಟ್‌ಗಳು 37 ಸೆಕೆಂಡ್ ಮುಂದೆ ಹೋದವು. ಏನಿದು?

ಟಿಸಿಪಿಡಂಪ್‌ಗೆ ಚಿಕ್ಕ ಜೆ ಆಯ್ಕೆಯಲ್ಲಿ ಅಡಾಪ್ಟರ್-ಅನ್‌ಸಿಂಕ್ಡ್ ಕೊಟ್ಟಾಗ ಕಾರ್ಡಿನೊಳಗಿನ ಗಡಿಯಾರ ಇದ್ದ ಹಾಗೇ ಬರುತ್ತದೆ. ಪಿಟಿಪಿ ಆ ಗಡಿಯಾರವನ್ನು ಅಂತರರಾಷ್ಟ್ರೀಯ ಪರಮಾಣು ಸಮಯಕ್ಕೆ ಹೊಂದಿಸುತ್ತದೆ. ಅದಕ್ಕೂ ನಾವು ಬಳಸುವ ಯುಟಿಸಿಗೂ ಲೀಪ್ ಸೆಕೆಂಡ್‌ಗಳ ಅಂತರ ಇದೆ. 2017ರ ಜನವರಿ 1ರಿಂದ ಅದು 37 ಸೆಕೆಂಡ್. ಪಿಟಿಪಿ ಓಡದೇ ಇದ್ದರೆ ಗಡಿಯಾರ ಎಲ್ಲಿ ಬೇಕಾದರೂ ಇರಬಹುದು, ಕೆಲವು ಡ್ರೈವರ್‌ಗಳಲ್ಲಿ 1970ರಿಂದ ಶುರುವಾಗುತ್ತದೆ.

ಇನ್ನೊಂದು ತೊಡಕು ಇದೆ. ಹಾರ್ಡ್‌ವೇರ್ ಸಮಯ ಒಳಬರುವ ಪ್ಯಾಕೆಟ್‌ಗೆ ಮಾತ್ರ ಬೀಳುತ್ತದೆ. ಅದೇ ಕ್ಯಾಪ್ಚರ್‌ನಲ್ಲಿ ಹೊರಹೋಗುವುದಕ್ಕೆ ಕರ್ನಲ್ ಸಮಯವೇ. ಒಂದೇ ಫೈಲಿನಲ್ಲಿ ಎರಡು ಗಡಿಯಾರ! ಉತ್ತರ ಪ್ರಶ್ನೆಗಿಂತ ಮೊದಲು ಬಂದ ಹಾಗೂ ಕಾಣಬಹುದು. ಒಂದೇ ಯಂತ್ರದಲ್ಲಿ ಕ್ಯಾಪ್ಚರ್ ಮಾತ್ರ ಮಾಡುವುದಾದರೆ ಪಿಎಚ್‌ಸಿ2ಸಿಸ್ ಎಂಬ ಟೂಲಿನಿಂದ ಕಾರ್ಡಿನ ಗಡಿಯಾರವನ್ನು ಆಫ್‌ಸೆಟ್ ಸೊನ್ನೆ ಇಟ್ಟು ಸಿಸ್ಟಂ ಸಮಯಕ್ಕೆ ಹೊಂದಿಸಿ. 37 ಸೆಕೆಂಡಿನ ಗೊಂದಲ ಹೋಗುತ್ತದೆ.

ಮಿರರ್ ಪೋರ್ಟ್ ಸಾಕಾ, ಟ್ಯಾಪ್ ಬೇಕಾ?

ಮಿರರ್ ಪೋರ್ಟ್ ಅಂದರೆ ಬೇರೆ ಪೋರ್ಟಿನ ಪ್ಯಾಕೆಟ್‌ಗಳ ನಕಲನ್ನು ಸ್ವಿಚ್ಚು ಕಳಿಸುವ ಪೋರ್ಟು, ಟ್ಯಾಪ್ ಅಂದರೆ ಕೇಬಲ್ ಮಧ್ಯೆ ಸಿಕ್ಕಿಸಿ ನಕಲು ತೆಗೆಯುವ ಸಾಧನ. ಯಾರು ಯಾರಿಗೆ ಏನು ಕಳಿಸಿದರು ಎಂದು ನೋಡಲು ಮಿರರ್ ಸಾಕು. ಸಮಯ ಅಳೆಯಲು ಟ್ಯಾಪ್. 1 ಗಿಗಾಬಿಟ್ ಲಿಂಕ್‌ನ ಎರಡೂ ದಿಕ್ಕು ಸೇರಿದರೆ 2 ಗಿಗಾಬಿಟ್, ಅದು 1 ಗಿಗಾಬಿಟ್ ಮಿರರ್ ಪೋರ್ಟಿನಲ್ಲಿ ಹಿಡಿಸುವುದಿಲ್ಲ. ಸ್ವಿಚ್ ಅವನ್ನು ಸಾಲಿನಲ್ಲಿ ನಿಲ್ಲಿಸುತ್ತದೆ, ಕೊನೆಗೆ ಬಿಸಾಡುತ್ತದೆ. ಆ ಕಾಯುವಿಕೆ ನಿಮ್ಮ ಅಳತೆಯಲ್ಲಿ ಸೇರಿಬಿಡುತ್ತದೆ. ಹಾರ್ಡ್‌ವೇರ್ ಸಮಯಕ್ಕೆ ದುಡ್ಡು ಹಾಕಿ ಮಿರರ್ ಪೋರ್ಟಿಗೆ ಸಿಕ್ಕಿಸಿದರೆ ಆ ದುಡ್ಡು ಹೆಚ್ಚಾಗಿ ದಂಡ.

## ಎರಡು ಕಡೆ ಅಳೆಯುವವರಿಗೆ

ಒಂದು ಯಂತ್ರ ಮಂಗಳೂರಲ್ಲಿ, ಒಂದು ಉಡುಪಿಯಲ್ಲಿ. ಎರಡರಲ್ಲೂ ಎನ್‌ಟಿಪಿ ಇದೆ. ಒಂದು ಕಡೆಯ ತಡ ಲೆಕ್ಕ ಹಾಕಬಹುದಾ?

ಇಂಟರ್ನೆಟ್ ಮೇಲೆ ಗಡಿಯಾರ ಹೊಂದಿಸುವ ಎನ್‌ಟಿಪಿಯಿಂದ ಈ ಲೆಕ್ಕ ಆಗುವುದಿಲ್ಲ. ಗಡಿಯಾರದ ತಪ್ಪೇ ಮಿಲಿಸೆಕೆಂಡ್ ಲೆಕ್ಕದಲ್ಲಿ ಇರಬಹುದು. ನೀವು ಅಳೆಯಹೊರಟದ್ದು 275 ಮೈಕ್ರೋಸೆಕೆಂಡಿನ ದಾರಿ.

ಇದಕ್ಕಿಂತ ಆಳದ ತೊಂದರೆ ಬೇರೆ ಇದೆ. ಹೋಗುವ ದಾರಿಗೂ ಬರುವ ದಾರಿಗೂ ಒಂದೇ ಸಮಯ ಹಿಡಿಯುತ್ತದೆ ಎಂದು ಎನ್‌ಟಿಪಿ ನಂಬಿಕೊಂಡಿರುತ್ತದೆ. ಹಾಗಿಲ್ಲದಿದ್ದರೆ ವ್ಯತ್ಯಾಸದ ಅರ್ಧದಷ್ಟು ತಪ್ಪು ಗಡಿಯಾರದೊಳಗೆ ಸೇರುತ್ತದೆ. ಮಂಗಳೂರು ಉಡುಪಿ ಸಂಪರ್ಕ ಎರಡು ಬೇರೆ ಕಂಪನಿಯದ್ದಾದರೆ ಪ್ಯಾಕೆಟ್ ಬೆಂಗಳೂರಿಗೆ ಹೋಗಿ ತಿರುಗಿ ಬರಬಹುದು. ಹೋಗುವಾಗ ಒಂದು ದಾರಿ, ಬರುವಾಗ ಇನ್ನೊಂದು ಆಗಬಹುದು. ಹೋಗುವ ತಡ, ಬರುವ ತಡ ಬೇರೆ ಬೇರೆಯಾ ಎಂದು ತಿಳಿಯಲು, ಎರಡೂ ಒಂದೇ ಎಂದು ನಂಬಿ ಅದೇ ದಾರಿಯ ಮೇಲೆ ಹೊಂದಿಸಿದ ಗಡಿಯಾರವನ್ನು ಬಳಸಿದರೆ ಉತ್ತರ ಯಾವಾಗಲೂ ಒಂದೇ ಎಂದೇ ಬರುತ್ತದೆ.

ಹಾಗಾಗಿ ಸಮಯ ಬೇರೆ ದಾರಿಯಿಂದ ಬರಬೇಕು. ಎರಡೂ ಕಡೆ ಸೆಕೆಂಡಿಗೊಂದು ಪಲ್ಸ್ ಕೊಡುವ ಜಿಪಿಎಸ್ ರಿಸೀವರ್ ಇಟ್ಟು, ಗಡಿಯಾರ ಹೊಂದಿಸುವ ಕ್ರೋನಿ ಎಂಬ ಸಾಫ್ಟ್‌ವೇರಿಗೆ ಕೊಡುವುದು ನಮ್ಮ ಕೈಗೆಟುಕುವ ದಾರಿ. ಒಂದೇ ಕ್ಯಾಂಪಸ್ ಒಳಗಾದರೆ ಪಿಟಿಪಿ. ಹಾರ್ಡ್‌ವೇರ್ ಬೆಂಬಲ ಇರುವ ಕಾರ್ಡು, ಸ್ವಿಚ್ಚು ಇದ್ದರೆ ಮೈಕ್ರೋಸೆಕೆಂಡಿನ ಒಳಗೆ ಬರುತ್ತದೆ. ಮಾಮೂಲಿ ಸ್ವಿಚ್ ಮೂಲಕ ಪಿಟಿಪಿ ಓಡಿಸಿದರೆ ಸ್ವಿಚ್ಚಿನ ಸಾಲಿನಲ್ಲಿ ಕಾದ ಸಮಯ ಮತ್ತೆ ತಪ್ಪಾಗಿ ಸೇರುತ್ತದೆ.

ನಮ್ಮ ಕಡೆ ಮಳೆಗೆ ಜಿಪಿಎಸ್ ಸಿಗ್ನಲ್ ನಿಲ್ಲಲ್ವಾ?

ಜುಲೈ ತಿಂಗಳ ಜಡಿಮಳೆಗೂ ಆ ಸಿಗ್ನಲ್ಲಿಗೆ ಹೇಳಿಕೊಳ್ಳುವಂಥ ತೊಂದರೆ ಆಗುವುದಿಲ್ಲ. ತೊಂದರೆ ಬರುವುದು ಕನೆಕ್ಟರಿಗೆ ನೀರು ಇಳಿದಾಗ, ಕಡಲ ಗಾಳಿಗೆ ಅದು ತುಕ್ಕು ಹಿಡಿದಾಗ. ರಬ್ಬರ್ ಟೇಪ್ ಸುತ್ತಿ, ಕೇಬಲ್ ಒಳಗೆ ಬರುವ ಮೊದಲು ಕೆಳಕ್ಕೆ ಒಂದು ಬಳಸು ಬಿಡಿ, ನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಸಿಡಿಲಿಗೆ ಸರ್ಜ್ ಪ್ರೊಟೆಕ್ಟರ್ ಹಾಕಿ, ಏಪ್ರಿಲ್ ಮೇ ತಿಂಗಳ ಸಂಜೆ ಸಿಡಿಲು ನಮಗೆ ಗೊತ್ತಿರುವುದೇ. ಹಂಚಿನ ಮಾಡಿನ ಕೆಳಗೆ ಆಂಟೆನಾ ಇಡಬೇಡಿ, ಆಕಾಶ ಕಾಣಬೇಕು. ಆಂಟೆನಾ ಕೇಬಲ್ ಉದ್ದವನ್ನೂ ಲೆಕ್ಕಕ್ಕೆ ಹಿಡಿಯಿರಿ. ಮೀಟರಿಗೆ 4–5 ನ್ಯಾನೋಸೆಕೆಂಡ್, 20 ಮೀಟರಿಗೆ ನೂರರ ಹತ್ತಿರ.

ಎಸಿ ಆಫ್ ಆದಾಗೆಲ್ಲ ಟೈಮು ಜಾರುತ್ತೆ. ಸಂಬಂಧ ಇದೆಯಾ?

ಇದೆ. ಗಡಿಯಾರ ಓಡಿಸುವ ಸ್ಫಟಿಕದ ವೇಗ ಉಷ್ಣತೆಗೆ ಬದಲಾಗುತ್ತದೆ. ಹತ್ತು ಲಕ್ಷದಲ್ಲಿ ಒಂದು ಪಾಲು ವ್ಯತ್ಯಾಸ ಆದರೂ ಸೆಕೆಂಡಿಗೆ 1 ಮೈಕ್ರೋಸೆಕೆಂಡ್, ದಿನಕ್ಕೆ 86.4 ಮಿಲಿಸೆಕೆಂಡ್. ಮೇ ತಿಂಗಳಲ್ಲಿ ಕರೆಂಟ್ ಹೋಗಿ ಯಂತ್ರ ಯುಪಿಎಸ್ ಮೇಲೆ, ಎಸಿ ಮಾತ್ರ ಬಂದ್ ಎಂದಾದರೆ ಕೋಣೆ ಬೇಗ ಕಾಯುತ್ತದೆ, ಗಡಿಯಾರದ ವೇಗವೂ ಬದಲಾಗುತ್ತದೆ. ಕ್ರೋನಿ ಅದನ್ನು ಗುರುತಿಸಿ ಸರಿ ಮಾಡುವವರೆಗಿನ ಅಳತೆಗಳನ್ನು ಗುರುತು ಹಾಕಿ ಬೇರೆ ಇಡಿ.

ಡೆಲ್ಟಾ ಮೈನಸ್ ಬರ್ತಾ ಇದೆ. ಪ್ಯಾಕೆಟ್ ಹಿಂದಕ್ಕೆ ಹೋಗುತ್ತಾ?

ಡೆಲ್ಟಾ ಅಂದರೆ ಹಿಂದಿನ ಪ್ಯಾಕೆಟ್‌ನಿಂದ ಈ ಪ್ಯಾಕೆಟ್‌ಗೆ ಇರುವ ಸಮಯದ ಅಂತರ. ಗಡಿಯಾರವನ್ನು ಯಾರೋ ಹಿಂದಕ್ಕೆ ತಿರುಗಿಸಿದ್ದಾರೆ. ಹೆಚ್ಚಾಗಿ ಎನ್‌ಟಿಪಿಯೇ. ಕ್ಯಾಪ್ಚರ್ ಶುರು ಮಾಡುವ ಮೊದಲು ಗಡಿಯಾರ ನೆಲೆಗೊಳ್ಳಲು ಬಿಡಿ. ಆಮೇಲೆ ಹಾರದೆ ನಿಧಾನಕ್ಕೆ ಸರಿಮಾಡುವ ಹಾಗೆ ಕ್ರೋನಿಗೆ ಹೇಳಿಡಿ. ಬೇರೆ ಬೇರೆ ಸಿಪಿಯು ಎತ್ತಿಕೊಂಡ ಪ್ಯಾಕೆಟ್‌ಗಳು ಫೈಲಿನಲ್ಲಿ ಕ್ರಮ ತಪ್ಪಿದ್ದರೂ ಚಿಕ್ಕ ಮೈನಸ್ ಬರುತ್ತದೆ, ಅದಕ್ಕೆ ಸಮಯದ ಕ್ರಮಕ್ಕೆ ಜೋಡಿಸುವ ರೀಆರ್ಡರ್‌ಕ್ಯಾಪ್ ಟೂಲ್ ಸಾಕು.

ಲಾಗ್ ಟೈಮ್ ಬಗ್ಗೆ ಸರ್ಕಾರದ ನಿಯಮ ಇದೆಯಂತೆ. ಅದಕ್ಕೂ ಪಿಟಿಪಿ ಬೇಕಾ?

ಬೇಡ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನ ಕೇಳುವುದು ಎನ್‌ಐಸಿ (ಸರ್ಕಾರದ ಮಾಹಿತಿ ತಂತ್ರಜ್ಞಾನ ಸಂಸ್ಥೆ) ಅಥವಾ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದ ಎನ್‌ಟಿಪಿ ಸರ್ವರ್‌ಗೆ, ಅಥವಾ ಅವುಗಳಿಂದ ಸಮಯ ಪಡೆಯುವ ಸರ್ವರ್‌ಗೆ ಗಡಿಯಾರ ಹೊಂದಿಸಿ ಎಂದು. ಅದಕ್ಕೆ ಎನ್‌ಟಿಪಿ ಸಾಕು. ಕೇಬಲ್ ಇಂಟರ್ನೆಟ್ ನಡೆಸುವವರು ಇದನ್ನು ಮೊದಲು ಮಾಡಿಕೊಳ್ಳಿ, ನ್ಯಾನೋ ಆಮೇಲೆ ನೋಡೋಣ.

ಇಷ್ಟೆಲ್ಲ ಮಾಡಿದ ಮೇಲೆ ನಿಜವಾಗಿಯೂ ಸುಧಾರಿಸಿದೆಯಾ ಅಂತ ಗೊತ್ತಾಗೋದು ಹೇಗೆ?

ಒಂದೇ ಪ್ಯಾಕೆಟ್‌ಗೆ ಎರಡೂ ಸಮಯ ತೆಗೆದು ಹೋಲಿಸಿ. ಲಿನಕ್ಸ್‌ನ ಎಸ್‌ಒ-ಟೈಮ್‌ಸ್ಟ್ಯಾಂಪಿಂಗ್ ಎಂಬ ಸಾಕೆಟ್ ಆಯ್ಕೆ ಕೇಳಿದರೆ ಹಾರ್ಡ್‌ವೇರ್ ಸಮಯ, ಸಾಫ್ಟ್‌ವೇರ್ ಸಮಯ ಎರಡನ್ನೂ ಒಟ್ಟಿಗೆ ಕೊಡುತ್ತದೆ. ಮೊದಲು ಎರಡು ಗಡಿಯಾರಗಳನ್ನು ಪಿಎಚ್‌ಸಿ2ಸಿಸ್‌ನಿಂದ ಹೊಂದಿಸಿ. ಆಮೇಲೆ ಒಂದರಿಂದ ಇನ್ನೊಂದನ್ನು ಕಳೆಯಿರಿ. ಉಳಿಯುವುದೇ ನಿಮ್ಮ ಸಾಫ್ಟ್‌ವೇರ್ ದಾರಿಯ ತಡ. ಹಾರ್ಡ್‌ವೇರ್ ಕಾರ್ಡ್ ಇಲ್ಲದವರು ಸಮ ಅಂತರದಲ್ಲಿ ಕಳಿಸುವ ಒಂದು ಯಂತ್ರವನ್ನು ನೇರ ಕೇಬಲ್‌ನಲ್ಲಿ ಸಿಕ್ಕಿಸಿ, ಬಂದ ಅಂತರಗಳು ಹೇಗೆ ಹರಡಿವೆ ಎಂದು ಗ್ರಾಫ್ ಹಾಕಿ. ಕಳಿಸುವ ಯಂತ್ರದ ಅಲುಗಾಟವೂ ಅದರಲ್ಲಿ ಸೇರಿರುತ್ತದೆ, ಅದು ಗಮನದಲ್ಲಿರಲಿ.

ಸರಾಸರಿ ನೋಡಬೇಡಿ. ಮಧ್ಯದ ಬೆಲೆ ನೋಡಿ, ನೂರರಲ್ಲಿ ತೊಂಬತ್ತೊಂಬತ್ತು ಪ್ಯಾಕೆಟ್ ಯಾವ ಮಿತಿಯೊಳಗಿವೆ ಎಂದು ನೋಡಿ. ಇಂಟರಪ್ಟ್, ನಿದ್ದೆಯ ಸ್ಥಿತಿ, ಜಿಆರ್‌ಒ ಇವನ್ನು ಒಂದೊಂದಾಗಿ ಬದಲಾಯಿಸಿ, ಪ್ರತಿ ಸಲ ಹೊಸ ಫೈಲ್ ಮಾಡಿ. ಕಾರ್ಡು, ಡ್ರೈವರ್ ಆವೃತ್ತಿ, ಆರ್‌ಎಕ್ಸ್-ಯುಸೆಕ್ಸ್ ಬೆಲೆ, ಗಡಿಯಾರದ ಮೂಲ ಇಷ್ಟನ್ನೂ ಎಡಿಟ್‌ಕ್ಯಾಪ್‌ನಿಂದ ಪಿಕ್ಯಾಪ್-ಎನ್‌ಜಿ ಫೈಲಿನ ಟಿಪ್ಪಣಿಯಾಗಿಯೇ ಬರೆದಿಡಿ. ಆರು ತಿಂಗಳು ಬಿಟ್ಟು ಗೈಡ್ ಕೇಳಿದಾಗ ಕ್ಯಾಪ್‌ಇನ್‌ಫೋಸ್ ಓಡಿಸಿದರೆ ಸಾಕು, ಎಲ್ಲ ಅಲ್ಲೇ ಇರುತ್ತದೆ.